ಯಾಸ್ನಾಯಾ ಪೊಲ್ಯಾನಾದ ಮನೆ

ರಷ್ಯಾ ದೇಶದ ತುಲಾ ನಗರದ ಸಮೀಪದಲ್ಲಿರುವ ಯಾಸ್ನಾಯಾ ಪೊಲ್ಯಾನಾ ವಿಶ್ವಸಾಹಿತ್ಯದ ಒಂದು ಯಾತ್ರಾಸ್ಥಳ. ಕಾದಂಬರಿಕಾರ ಲಿಯೋ ಟಾಲ್‌ಸ್ಟಾಯ್ ಅವರು 1828ರಲ್ಲಿ ಜನಿಸಿದ್ದು ಇಲ್ಲಿಯೇ. ಅವರ ಸಮಾಧಿ ಇರುವುದೂ ಇಲ್ಲಿಯೇ. ಆದರೆ ಇಂದು ಜನರು ದರ್ಶಿಸುವ ಮನೆ ಅವರು ಹುಟ್ಟಿದ ಮನೆಯಲ್ಲ. ಆ ಮನೆ ಇಲ್ಲವಾದ ಸಂಗತಿಯಲ್ಲಿ ಅವರ ಬಾಳಿನ ಒಂದು ಪಾಠ ಅಡಗಿದೆ.

ಎರಡು ವರ್ಷ ತುಂಬುವ ಮೊದಲೇ ತಾಯಿಯನ್ನೂ, ಒಂಬತ್ತು ತುಂಬುವ ಮೊದಲೇ ತಂದೆಯನ್ನೂ ಕಳೆದುಕೊಂಡ ಟಾಲ್‌ಸ್ಟಾಯ್ ಅವರನ್ನು ಬಂಧುಗಳು ಸಾಕಿ ಬೆಳೆಸಿದರು. ಕಜಾನ್ ವಿಶ್ವವಿದ್ಯಾಲಯವನ್ನು ಸೇರಿದರೂ ಪದವಿ ಪಡೆಯದೆ 1847ರಲ್ಲಿ ಹಿಂದಿರುಗಿದರು. ಪಿತ್ರಾರ್ಜಿತ ಆಸ್ತಿಯಲ್ಲಿ ಯಾಸ್ನಾಯಾ ಪೊಲ್ಯಾನಾ ಅವರ ಪಾಲಿಗೆ ಬಂದಿತು. ತಾರುಣ್ಯದಲ್ಲಿ ಜೂಜಿನ ವ್ಯಸನ ಅವರನ್ನು ಆವರಿಸಿತು. ಸೈನ್ಯದಲ್ಲಿದ್ದಾಗ, 1854ರಲ್ಲಿ, ಹುಟ್ಟಿದ ಮಹಾಸೌಧವನ್ನೇ ಮಾರಿದರು. ಕೊಂಡವನು ಅದನ್ನು ಬಿಚ್ಚಿಸಿ ಬೇರೆಡೆಗೆ ಸಾಗಿಸಿದನು. ಬಂದ ಹಣವು ಇಸ್ಪೀಟಿನ ಪಾಲಾಯಿತು. ಸೌಧದ ಎಡಬಲಗಳಲ್ಲಿದ್ದ ಎರಡು ಚಿಕ್ಕ ಕಟ್ಟಡಗಳು ಮಾತ್ರ ಉಳಿದವು.

ಅವುಗಳಲ್ಲಿ ಒಂದು ಅವರ ವಾಸಗೃಹವಾಯಿತು. ಇನ್ನೊಂದು ರೈತರ ಮಕ್ಕಳ ಶಾಲೆಯಾಯಿತು. 1859ರಲ್ಲಿ, ಜೀತಪದ್ಧತಿ ಇನ್ನೂ ರದ್ದಾಗದಿದ್ದ ಕಾಲದಲ್ಲಿ, ಅವರು ಆರಂಭಿಸಿದ ಈ ಶಾಲೆಯಲ್ಲಿ ಶುಲ್ಕವಿರಲಿಲ್ಲ, ಬೆತ್ತವಿರಲಿಲ್ಲ, ಬಲವಂತವೂ ಇರಲಿಲ್ಲ. ಶಿಕ್ಷಣಕ್ರಮವನ್ನು ಅರಿಯಲು 1860–61ರಲ್ಲಿ ಜರ್ಮನಿ, ಫ್ರಾನ್ಸ್, ಇಂಗ್ಲೆಂಡ್‌ಗಳಲ್ಲಿ ಸಂಚರಿಸಿದರು. 1862ರಲ್ಲಿ ಪೊಲೀಸರು ಬಂದು ಮನೆ, ಶಾಲೆಗಳನ್ನು ಶೋಧಿಸಿದರು. ಶಾಲೆ ಹೆಚ್ಚು ಕಾಲ ನಡೆಯಲಿಲ್ಲವಾದರೂ ಅವರ ಶಿಕ್ಷಣಾಸಕ್ತಿ ಬತ್ತಲಿಲ್ಲ. 1872ರಲ್ಲಿ ಅವರು ಮಕ್ಕಳಿಗಾಗಿ ಅಕ್ಷರಮಾಲೆಯೊಂದನ್ನು ರಚಿಸಿ ಪ್ರಕಟಿಸಿದರು.

1862ರಲ್ಲಿಯೇ ಸೋಫಿಯಾ ಅವರೊಡನೆ ವಿವಾಹವಾಯಿತು. ಸಂಸಾರ ಬೆಳೆದಂತೆ ಮನೆಯೂ ವಿಸ್ತಾರಗೊಂಡಿತು. ‘ಯುದ್ಧ ಮತ್ತು ಶಾಂತಿ’, ‘ಅನ್ನಾ ಕರೆನಿನಾ’ ರೂಪುಗೊಂಡದ್ದು ಇಲ್ಲಿ. ಹದಿಮೂರು ಮಕ್ಕಳ ತಾಯಿಯಾದ ಸೋಫಿಯಾ ಮನೆವಾರ್ತೆಯ ನಡುವೆಯೇ ಪತಿಯ ಹಸ್ತಪ್ರತಿಗಳನ್ನು ಮತ್ತೆ ಮತ್ತೆ ನಕಲು ಮಾಡಿಕೊಟ್ಟರು. ಐವತ್ತರ ವಯಸ್ಸಿನ ಹೊತ್ತಿಗೆ ಟಾಲ್‌ಸ್ಟಾಯ್ ಅವರಿಗೆ ಆಸ್ತಿಯೇ ಪಾಪವೆಂದು ತೋರಿತು. ನೇಗಿಲು ಹಿಡಿದರು, ಪಾದರಕ್ಷೆ ಹೊಲಿದರು, 1892ರಲ್ಲಿ ಆಸ್ತಿಯನ್ನು ಹೆಂಡತಿ ಮಕ್ಕಳಿಗೆ ಹಂಚಿದರು. ಆದರೂ ಅದೇ ಮನೆಯಲ್ಲಿ ಬಾಳಬೇಕಾಗಿದ್ದುದು ಅವರನ್ನು ಸುಡುತ್ತಿತ್ತು. ಸಂಸಾರದ ಭಾರ ಹೊತ್ತ ಪತ್ನಿಯ ಆತಂಕವೂ ಅಕಾರಣವಾದುದಲ್ಲ. 1910ರಲ್ಲಿ, 82ರ ವೃದ್ಧಾಪ್ಯದಲ್ಲಿ, ಒಂದು ರಾತ್ರಿ ಅವರು ಮನೆ ಬಿಟ್ಟು ಹೊರಟರು. ನವೆಂಬರ್ 20ರಂದು ಅಸ್ತಪೋವೊ ಎಂಬ ರೈಲು ನಿಲ್ದಾಣದಲ್ಲಿ, ನಿಲ್ದಾಣಾಧಿಕಾರಿಯ ಮನೆಯಲ್ಲಿ, ಕೊನೆಯುಸಿರೆಳೆದರು.

ಅವರ ಸಮಾಧಿಗೆ ಶಿಲೆಯಿಲ್ಲ, ಶಿಲುಬೆಯಿಲ್ಲ. ಹುಲ್ಲು ಹೊದ್ದ ಮಣ್ಣಿನ ದಿಬ್ಬ ಮಾತ್ರ. ಸರ್ವಜನರ ಸುಖದ ರಹಸ್ಯವನ್ನು ಬರೆದ ಹಸಿರು ಕೋಲೊಂದನ್ನು ಅಲ್ಲಿ ಹೂಳಿದೆಯೆಂದು ಬಾಲ್ಯದಲ್ಲಿ ಅಣ್ಣ ನಿಕೊಲಾಯ್ ಹೇಳಿದ್ದನಂತೆ. ಆ ಸ್ಥಳವನ್ನೇ ಅವರು ತಮಗಾಗಿ ಆರಿಸಿಕೊಂಡಿದ್ದರು.

1921ರಲ್ಲಿ ಮನೆ ವಸ್ತುಸಂಗ್ರಹಾಲಯವಾಯಿತು. ಮಗಳು ಅಲೆಕ್ಸಾಂಡ್ರಾ ಅದರ ರಕ್ಷಣೆಯ ಹೊಣೆ ಹೊತ್ತರು. ಸುಮಾರು 22,000 ಗ್ರಂಥಗಳು, ಬರವಣಿಗೆಯ ಮೇಜು, ಅವರು ಹುಟ್ಟಿದ ಚರ್ಮದ ಸೋಫಾ ಅಲ್ಲಿವೆ. 1941ರಲ್ಲಿ ಜರ್ಮನ್ ಸೈನ್ಯ ಸಮೀಪಿಸಿದಾಗ ಅಮೂಲ್ಯ ವಸ್ತುಗಳನ್ನು ದೂರದ ತೋಮ್ಸ್ಕ್ ನಗರಕ್ಕೆ ಸಾಗಿಸಲಾಯಿತು. ಹಿಮ್ಮೆಟ್ಟುವಾಗ ಸೈನಿಕರು ಮನೆಗೆ ಬೆಂಕಿಯಿಟ್ಟರು. ಸಂಗ್ರಹಾಲಯದ ನೌಕರರು ಅದನ್ನು ನಂದಿಸಿ ಮನೆಯನ್ನು ಉಳಿಸಿದರು.

ಮಹಾಸೌಧವಿದ್ದ ಜಾಗದಲ್ಲಿ ಇಂದು ಮರಗಳೂ ಒಂದು ಗುರುತುಗಲ್ಲೂ ಇವೆ. ಶಾಲೆಗೆ ಬಿಟ್ಟುಕೊಟ್ಟ ಕಟ್ಟಡವು ಇನ್ನೂ ನಿಂತಿದೆ. ಅದರಾಚೆಗೆ, ಗಾಂಧೀಜಿಯವರು 1910ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಎಂಬ ಆಶ್ರಮವನ್ನು ಆರಂಭಿಸಿ, ಅಲ್ಲಿಯ ಮಕ್ಕಳಿಗೆ ತಾವೇ ಪಾಠ ಹೇಳಿದರು. ಜೂಜಿಗೆ ಹೋದದ್ದು ಹೋಯಿತು. ಮಕ್ಕಳಿಗೆ ಕೊಟ್ಟದ್ದು ಉಳಿಯಿತು.