ದುರ್ಗದ ಕೊನೆಯ ದೊರೆ

ಚಿತ್ರದುರ್ಗದ ಬೆಟ್ಟದ ಮೇಲೆ ಭೀಮಸೇನನು ಹಿಡಿಂಬಾಸುರನನ್ನು ಕೊಂದನೆಂಬುದು ಜನರ ನಂಬಿಕೆ. ಅಲ್ಲಿಯ ಹಿಡಿಂಬೇಶ್ವರನ ಗುಡಿಯೊಡನೆ ಆ ಕತೆಯೂ ಉಳಿದುಬಂದಿದೆ. ಆದರೆ ಪಾಳುಬಿದ್ದ ಏಳು ಸುತ್ತಿನ ಕೋಟೆಯನ್ನು ಕಂಡವರ ಮನಸ್ಸಿನಲ್ಲಿ ಮೊದಲು ಮೂಡುವ ಹೆಸರು ಭೀಮನದಲ್ಲ. ಅದು ದುರ್ಗದ ಕೊನೆಯ ದೊರೆ ಮದಕರಿ ನಾಯಕನದು.

1754ರಲ್ಲಿ ಕಸ್ತೂರಿ ರಂಗಪ್ಪ ನಾಯಕನು ಮಕ್ಕಳಿಲ್ಲದೆ ತೀರಿಕೊಂಡನು. ಆಗ ಇನ್ನೂ ಹುಡುಗನಾಗಿದ್ದ ಮದಕರಿಗೆ ಪಟ್ಟವಾಯಿತು. ಅವನು ಬೆಳೆದು ಆಳತೊಡಗಿದ ಕಾಲ ಸುಖದ ಕಾಲವಾಗಿರಲಿಲ್ಲ. ಉತ್ತರದಿಂದ ಮರಾಠರೂ ದಕ್ಷಿಣದಿಂದ ಹೈದರಾಲಿಯೂ ದುರ್ಗದ ಸ್ನೇಹವನ್ನು ಬಯಸುತ್ತಿದ್ದರು. ಒಬ್ಬರೊಡನೆ ಕೂಡಿದರೆ ಮತ್ತೊಬ್ಬರ ಹಗೆತನ ತಪ್ಪುತ್ತಿರಲಿಲ್ಲ. 1770ರಲ್ಲಿ ಮರಾಠರು ನಿಜಗಲ್ಲು ಕೋಟೆಯನ್ನು ಗೆದ್ದುದು ದುರ್ಗದ ಬೇಡ ಪಡೆಯ ನೆರವಿನಿಂದ. 1777ರಲ್ಲಿ ಹೈದರನು ದುರ್ಗವನ್ನು ಮುತ್ತಿದನು. ತಿಂಗಳುಗಟ್ಟಲೆ ಹೋರಾಡಿದರೂ ಕೋಟೆ ಕೈವಶವಾಗದಿರಲು, ಭಾರಿ ಕಪ್ಪವನ್ನು ಪಡೆದು ಹಿಂದಿರುಗಿದನು.

ಹೈದರನ ಮುತ್ತಿಗೆಯೊಂದರ ಕಾಲಕ್ಕೆ ಸೇರಿದುದೇ ಓಬವ್ವನ ಕತೆ. ಕಾವಲುಗಾರನಾದ ಗಂಡ ಊಟಕ್ಕೆ ಕುಳಿತಿದ್ದನು. ನೀರು ತರಲು ಹೋದ ಓಬವ್ವ, ಬಂಡೆಯ ಕಿಂಡಿಯಲ್ಲಿ ಶತ್ರುಗಳು ಒಬ್ಬೊಬ್ಬರಾಗಿ ತೆವಳಿ ಬರುತ್ತಿರುವುದನ್ನು ಕಂಡಳು. ಗಂಡನನ್ನು ಊಟದಿಂದ ಎಬ್ಬಿಸದೆ, ಕೈಗೆ ಸಿಕ್ಕ ಒನಕೆಯನ್ನೇ ಹಿಡಿದು ಕಿಂಡಿಯ ಬಳಿ ನಿಂತಳು; ನುಸುಳಿದವನ ತಲೆಗೆ ಹೊಡೆದು, ಹೆಣವನ್ನು ಪಕ್ಕಕ್ಕೆಳೆದು, ಮುಂದಿನವನಿಗಾಗಿ ಕಾದಳು. ಅವಳು ಅಂದೇ ಮಡಿದಳೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಎಡೆಯನ್ನು ಜನ ಇಂದಿಗೂ ಓಬವ್ವನ ಕಿಂಡಿಯೆಂದೇ ಕರೆಯುತ್ತಾರೆ.

ಕಲ್ಲಿನ ಕಿಂಡಿಯನ್ನು ಒಬ್ಬ ಹೆಂಗಸು ಕಾಯಬಲ್ಲಳು. ಮನಸ್ಸಿನ ಬಿರುಕನ್ನು ಕಾಯುವವರು ಯಾರು? 1779ರಲ್ಲಿ ಹೈದರನು ಮತ್ತೆ ಬಂದಾಗ ಕೋಟೆಯೊಳಗಿನ ಕೆಲವು ಅಧಿಕಾರಿಗಳೇ ದೊರೆಗೆ ಎರಡು ಬಗೆದರು. ದುರ್ಗ ಬಿದ್ದಿತು. ಮದಕರಿ ನಾಯಕನು ಪರಿವಾರದೊಡನೆ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋಗಬೇಕಾಯಿತು. ಸಾವಿರಾರು ಬೇಡರನ್ನೂ ಅಲ್ಲಿಗೆ ಸಾಗಿಸಲಾಯಿತು. ತನ್ನ ಬೆಟ್ಟಗಳನ್ನು ಅವನು ದೊರೆಯಾಗಿ ಮತ್ತೆ ಕಾಣಲಿಲ್ಲ.

ನಾಯಕನ ಇಬ್ಬರು ರಾಣಿಯರು ಆ ದಿನ ಕೋಟೆಯ ಹೊಂಡಕ್ಕೆ ಹಾರಿ ಪ್ರಾಣ ಬಿಟ್ಟರೆಂಬ ಐತಿಹ್ಯವಿದೆ. ಅಕ್ಕತಂಗಿಯರ ಹೊಂಡವೆಂಬ ಹೆಸರಿಗೆ ಜನ ಹೇಳುವ ಕಾರಣ ಇದೇ. ತ.ರಾ.ಸುಬ್ಬರಾಯರು ಈ ಪತನದ ಕತೆಯನ್ನು ‘ದುರ್ಗಾಸ್ತಮಾನ’ ಕಾದಂಬರಿಯಲ್ಲಿ ಚಿತ್ರಿಸಿದ್ದಾರೆ.

ಇತಿಹಾಸವು ಮದಕರಿಯ ಸೋಲನ್ನು ದಾಖಲಿಸಿತು. ಜನರಾದರೋ, ಸೋತ ದೊರೆಯನ್ನು ದೂರ ಮಾಡಲಿಲ್ಲ. ಅವನ ಪಕ್ಕದಲ್ಲೇ ಕಾವಲುಗಾರನ ಹೆಂಡತಿಗೂ ಸ್ಥಾನ ಕೊಟ್ಟರು. ಬಾಗಿಲು ತೆರೆದವರ ಹೆಸರನ್ನು ಮಾತ್ರ ಯಾವ ಬಂಡೆಗೂ ಇಡಲಿಲ್ಲ.