ಎರಡು ವರ್ಷ ಗಿರಾಕಿಗೆ ಕಾದ ನೇಗಿಲು

ನಂಗವಳ್ಳಿ ಕಡೆ ಬಾವಿ ನೀರು ನಂಬಿ ಬೇಸಾಯ ಮಾಡೋ ನಮ್ಮಂಥೋರಿಗೆ ಕಿರ್ಲೋಸ್ಕರ್ ಅಂದರೆ ಇಂಜಿನ್ನು. ಅದು ಒಬ್ಬ ಮನುಷ್ಯನ ಹೆಸರು, ಆತ ಕನ್ನಡ ನೆಲದಲ್ಲೇ ಹುಟ್ಟಿದವರು ಅಂತ ನನಗೆ ತಿಳಿದದ್ದು ತಡವಾಗಿ. ತಿಳಿದಾಗ ಹೆಮ್ಮೆ ಆಯ್ತು, ನಾಚಿಕೆಯೂ ಆಯ್ತು.

ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದರು. ಕಣ್ಣಿಗೆ ಕೆಲವು ಬಣ್ಣ ಸರಿಯಾಗಿ ತಿಳಿಯುತ್ತಿರಲಿಲ್ಲ. ಹಾಗಾಗಿ ಯಂತ್ರಗಳ ನಕ್ಷೆ ಬರೆಯೋದು ಕಲಿತು, ಅಲ್ಲೇ ತಾಂತ್ರಿಕ ಶಾಲೆಯಲ್ಲಿ ಮೇಷ್ಟ್ರಾದರು. ಬರಬೇಕಾದ ಬಡ್ತಿ ಬೇರೆಯವರಿಗೆ ಹೋದಾಗ ಕೆಲಸ ಬಿಟ್ಟು ಬೆಳಗಾವಿಗೆ ಬಂದು ಅಣ್ಣನ ಜೊತೆ ಸೈಕಲ್ ಅಂಗಡಿಗೆ ನಿಂತರು.

ಅಲ್ಲಿ ಮೊದಲು ಮೇವು ಕತ್ತರಿಸೋ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು. ತೆಲುಗಲ್ಲಿ ನಾಗಲಿ ಅನ್ನಿ, ಕನ್ನಡದಲ್ಲಿ ನೇಗಿಲು ಅನ್ನಿ, ರೈತನ ಅನುಮಾನ ಮಾತ್ರ ಒಂದೇ. ಕಬ್ಬಿಣ ತಾಕಿದರೆ ಮಣ್ಣು ವಿಷ ಆಗುತ್ತೆ ಅಂತ ಹೆದರಿ ಯಾರೂ ಕೊಳ್ಳಲಿಲ್ಲ. ಮೊದಲ ನೇಗಿಲು ಮಾರಾಟವಾಗೋಕೆ ಎರಡು ವರ್ಷ ಹಿಡಿಯಿತು. ಹಾಕಿದ ಬಂಡವಾಳ ಅಷ್ಟು ದಿನ ಸುಮ್ಮನೆ ಕೂತಿತ್ತು.

ಈ ನಡುವೆ ಊರು ಬೆಳೆದು ಕಾರ್ಖಾನೆ ಜಾಗ ಖಾಲಿ ಮಾಡಬೇಕಾಯ್ತು. 1910ರಲ್ಲಿ ಔಂಧ್ ಸಂಸ್ಥಾನದ ರಾಜರು ರೈಲು ನಿಲ್ದಾಣದ ಪಕ್ಕ 32 ಎಕರೆ ಬಂಜರು ಭೂಮಿ ಕೊಟ್ಟರು, ಸಾಲವನ್ನೂ ಕೊಟ್ಟರು. ಕಳ್ಳಿ ಬೆಳೆದಿದ್ದ ಆ ಜಾಗವೇ ಇಂದಿನ ಮಹಾರಾಷ್ಟ್ರದ ಕಿರ್ಲೋಸ್ಕರ್‌ವಾಡಿ.

1914ರಲ್ಲಿ ಮಹಾಯುದ್ಧ ಶುರುವಾಯ್ತು. ಸೀಮೆ ಸರಕು ಬರೋದು ಕಷ್ಟವಾಗಿ ಇಲ್ಲಿನ ನೇಗಿಲಿಗೆ ಬೇಡಿಕೆ ಬಂತು. ಆದರೆ ಕಬ್ಬಿಣವೂ ಕಲ್ಲಿದ್ದಲೂ ಸಿಗದಾಯ್ತು. ಕಲ್ಲಿದ್ದಲಿಗೆ ಬದಲು ಸೌದೆ ಇದ್ದಲು ಉರಿಸಿದರು; ಹಳೇ ಫಿರಂಗಿಗಳನ್ನು ಕರಗಿಸಿ ನೇಗಿಲು ಎರಕ ಹೊಯ್ದರು. ಬೇಡಿಕೆ ಇದ್ದು ಮಾಲು ಇಲ್ಲದಾಗ ಬುದ್ಧಿ ಓಡುತ್ತೆ ನೋಡಿ.

ಇನ್ನೊಂದು ಮಾತು ವ್ಯಾಪಾರಸ್ಥರಿಗೆ ಬೇಗ ತಿಳಿಯುತ್ತೆ. ನೇಗಿಲು ಮಾರೋದು ಉಳುಮೆ ಕಾಲಕ್ಕೆ. ಕೂಲಿ ಕೊಡಬೇಕಾದ್ದು ವರ್ಷವಿಡೀ. ಒಂದೇ ಸರಕು ನೆಚ್ಚಿಕೊಂಡರೆ ಇಂಥ ಕಾರ್ಖಾನೆ ನಡೆಯಲ್ಲ. ಕಬ್ಬಿನ ಗಾಣ, ಕಡಲೆಕಾಯಿ ಸುಲಿಯೋ ಯಂತ್ರ, ನೀರಿನ ಪಂಪು ಒಂದೊಂದಾಗಿ ಬಂದವು. ಆಯಿಲ್ ಇಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಶುರುವಾಯ್ತು. ಲಕ್ಷ್ಮಣರಾಯರು ತೀರಿಕೊಂಡದ್ದು 1956ರಲ್ಲಿ.

ನಾಚಿಕೆ ಯಾಕೆ ಅಂದೆನಲ್ಲ. ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಲೇತ್ ಕೆಲಸದ ಹುಡುಗ ಒಬ್ಬ ಕಡಲೆಕಾಯಿ ಬಿಡಿಸೋ ಯಂತ್ರ ತಾನೇ ಮಾಡಿ ನನ್ನ ಕಣಕ್ಕೆ ತಂದ. ಚೆನ್ನಾಗೇ ಓಡಿತು. ಕೆಟ್ಟರೆ ಯಾರು ಗತಿ ಅಂತ ಚೌಕಾಸಿ ಮಾಡಿ ವಾಪಸು ಕಳಿಸಿ, ಪೇಟೆಗೆ ಹೋಗಿ ಹೆಸರಿನ ಯಂತ್ರ ತಂದೆ. ಅವನು ಈಗ ದೂರದ ಊರಲ್ಲಿ ಕೂಲಿಗೆ ಲೇತ್ ತಿರುಗಿಸ್ತಾನೆ.

ಎರಡು ವರ್ಷದ ಮೇಲಾದರೂ ಆ ಕಬ್ಬಿಣದ ನೇಗಿಲು ಕೊಂಡ ರೈತ ಯಾರೋ. ನಾನು ಅವನಾಗಲಿಲ್ಲ.