ನಾದಯೋಗಿ ಮಲ್ಲಿಕಾರ್ಜುನ ಮನ್ಸೂರರು

ಕಚೇರಿಯಲ್ಲಿ ಹಾಡಿದ ಹಾಡು ಹಾಡಿದ ಕ್ಷಣದಲ್ಲಿಯೇ ಗಾಳಿಯಲ್ಲಿ ಲೀನವಾಗುವುದು. ಯಾವುದೋ ಒಂದು ಸಂಜೆ ಗವಾಯಿಯ ಕಂಠ ಸಹಕರಿಸದಿದ್ದರೆ, ಇಲ್ಲವೆ ತಬಲೆಯವನೊಡನೆ ಹೊಂದಿಕೆ ತಪ್ಪಿದರೆ, ಕೇಳಿದವರು ನಾಲ್ಕು ದಿನ ಆಡಿಕೊಂಡು ಮರೆತುಬಿಡುವರು. ಧ್ವನಿಮುದ್ರಿಕೆಗಾದರೋ ಈ ರಿಯಾಯಿತಿಯಿಲ್ಲ. ಒಮ್ಮೆ ಮುದ್ರಿತವಾದ ಸ್ವರವನ್ನು ಹಿಂದಕ್ಕೆ ಪಡೆಯಲು ಬಾರದು. ಹಾಡಿದವನು ಮಣ್ಣಾದ ಮೇಲೆಯೂ ಅದು ಅವನ ಪರವಾಗಿಯೋ ವಿರುದ್ಧವಾಗಿಯೋ ಸಾಕ್ಷಿ ನುಡಿಯುತ್ತಲೇ ಇರುವುದು. ದೊಡ್ಡ ಹೆಸರಿನ ಅನೇಕ ಗಾಯಕರ ಮುದ್ರಿಕೆಗಳಲ್ಲಿ ಮನಸ್ಸಿಟ್ಟು ಹಾಡಿದವು ಕೆಲವು, ಹೊಟ್ಟೆಪಾಡಿಗೆ ಹಾಡಿದವು ಹಲವು. ಸುಮಾರು ಆರು ದಶಕಗಳ ಕಾಲ ಯಂತ್ರದ ಮುಂದೆ ಕುಳಿತು ಹಾಡಿಯೂ, ಇದೊಂದು ಇರದಿದ್ದರೆ ಲೇಸಾಗಿತ್ತು ಎನ್ನಿಸುವಂಥ ಮುದ್ರಿಕೆಯನ್ನು ಬಿಟ್ಟುಹೋಗದ ಗಾಯಕರು ಅತಿ ವಿರಳ. ಅಂಥ ವಿರಳರಲ್ಲಿ ಒಬ್ಬರು ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು.

ಧಾರವಾಡದ ಸಮೀಪದಲ್ಲಿರುವ ಮನ್ಸೂರು ಒಂದು ಚಿಕ್ಕ ಹಳ್ಳಿ. 1910ನೆಯ ಇಸವಿಯ ಕಡೆಯ ದಿನ, ಡಿಸೆಂಬರ್ 31ರಂದು, ಆ ಊರ ಗೌಡಕಿಯ ಮನೆತನದಲ್ಲಿ ಅವರ ಜನನವಾಯಿತು. ತಂದೆ ಭೀಮರಾಯಪ್ಪನವರು, ತಾಯಿ ನೀಲಮ್ಮನವರು. ಒಕ್ಕಲುತನದ ಮನೆ. ಬಯಲಾಟ, ಭಜನೆ, ನಾಟಕ ಇವು ಆ ಸೀಮೆಯ ಜನಕ್ಕೆ ಜೋಳದ ರೊಟ್ಟಿಯಷ್ಟೇ ಸಹಜವಾದುವು. ಅಣ್ಣ ಬಸವರಾಜರಿಗೆ ನಾಟಕದ ಹುಚ್ಚು. ಆ ಹುಚ್ಚೇ ತಮ್ಮನ ಭಾಗ್ಯವಾಗಿ ಪರಿಣಮಿಸಿತು. ಒಂಬತ್ತು ವರ್ಷದ ಬಾಲಕ ಬಣ್ಣ ಹಚ್ಚಿ ರಂಗವೇರಿದನು. ಮುಂದೆ ವಾಮನರಾವ ಮಾಸ್ತರರ ನಾಟಕ ಮಂಡಳಿಯನ್ನು ಸೇರಿ ಪ್ರಹ್ಲಾದ, ಧ್ರುವ, ನಾರದ ಮುಂತಾದ ಪಾತ್ರಗಳಲ್ಲಿ ಹಾಡಿ ಜನರನ್ನು ಮರುಳುಮಾಡಿದನು. ಅಕ್ಷರವಿದ್ಯೆ ಅಲ್ಲಿಗೇ ನಿಂತಿತೆನ್ನಬೇಕು. ಅಪ್ಪಯ್ಯಸ್ವಾಮಿಗಳೆಂಬವರಲ್ಲಿ ಮೊದಲು ಕರ್ನಾಟಕ ಪದ್ಧತಿಯ ಪಾಠವಾಯಿತು.

ನಾಟಕದಲ್ಲಿ ಹಾಡುತ್ತಿದ್ದ ಈ ಹುಡುಗನನ್ನು ಮಿರಜಿಯ ನೀಲಕಂಠಬುವಾ ಆಲೂರಮಠರು ಕೇಳಿದರು. ಇವರು ಗ್ವಾಲಿಯರ್ ಘರಾಣೆಯ ಹಿರಿಯ ಗಾಯಕರಾದ ಬಾಲಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರು. ಗದುಗಿನ ಪಂಚಾಕ್ಷರಿ ಗವಾಯಿಗಳಿಗೂ ಹಿಂದೂಸ್ಥಾನಿ ಸಂಗೀತವನ್ನು ಕಲಿಸಿದವರು. ಹುಡುಗನ ಕಂಠದಲ್ಲಿ ಏನಿದೆಯೆಂಬುದನ್ನು ಅವರು ಒಡನೆ ಗುರುತಿಸಿ ಮಿರಜಿಗೆ ಕರೆದೊಯ್ದರು. ಸುಮಾರು ಆರು ವರ್ಷ ಗುರುಗೃಹದಲ್ಲಿ ಅಭ್ಯಾಸ ನಡೆಯಿತು. ಗ್ವಾಲಿಯರ್ ಪದ್ಧತಿಯು ನೇರವಾದ ಹೆದ್ದಾರಿಯಂಥದು. ರಾಗದ ಸ್ವರೂಪ ಸ್ಪಷ್ಟ, ಬಂದಿಶಿನ ಕಟ್ಟು ಭದ್ರ, ತಾನಗಳು ಸರಳ ಹಾಗೂ ವೇಗಯುಕ್ತ. ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಮನ್ಸೂರರು ಈ ದಾರಿಯಲ್ಲಿ ನಿರ್ಭಯವಾಗಿ ನಡೆಯಬಲ್ಲವರಾಗಿದ್ದರು.

1930ರ ದಶಕದ ಮೊದಲ ವರ್ಷಗಳಲ್ಲಿ ಎಚ್.ಎಂ.ವಿ. ಕಂಪನಿಯವರು ಅವರ ಗಾಯನವನ್ನು ತಟ್ಟೆಗಳ ಮೇಲೆ ಮುದ್ರಿಸತೊಡಗಿದರು. ಅಂದಿನ ತಟ್ಟೆ ಎಂತಹದೆಂಬುದನ್ನು ಇಂದಿನ ತರುಣರು ಊಹಿಸಿಕೊಳ್ಳುವುದು ಕಷ್ಟ. ಅರಗಿನಿಂದ ಮಾಡಿದ ಕರಿಯ ತಟ್ಟೆ. ನಿಮಿಷಕ್ಕೆ 78 ಸುತ್ತು ತಿರುಗುವಂಥದು. ಕೈಜಾರಿ ಬಿದ್ದರೆ ಮಣ್ಣಿನ ಮಡಕೆಯಂತೆ ಒಡೆಯುವುದು. ಒಂದು ಬದಿಗೆ ಮೂರು ಮೂರೂವರೆ ನಿಮಿಷದ ಹಾಡು ಮಾತ್ರ ಹಿಡಿಯುವುದು. ಕಚೇರಿಯಲ್ಲಿ ಅರ್ಧ ತಾಸು, ಒಂದು ತಾಸು ಬಿಡಿಸಬೇಕಾದ ಖ್ಯಾಲನ್ನು ಮೂರು ನಿಮಿಷದಲ್ಲಿ ಹೇಳಿ ಮುಗಿಸಬೇಕು; ಆದರೂ ಕೇಳಿದವನಿಗೆ ಆತುರ ತೋರಬಾರದು. ಸ್ಥಾಯಿಯನ್ನು ಇಟ್ಟು, ಅಂತರೆಯನ್ನು ಎತ್ತಿ, ಆಲಾಪದ ನಾಲ್ಕು ಮಾತನ್ನಾಡಿ, ತಾನಗಳನ್ನು ಹರಿಸಿ, ತಟ್ಟೆಯ ಗೆರೆ ತೀರುವುದರೊಳಗೆ ಸಮಕ್ಕೆ ಬಂದು ನಿಲ್ಲಬೇಕು. ತಪ್ಪಿದರೆ ತಿದ್ದುವ ಅವಕಾಶವಿಲ್ಲ, ಮೊದಲಿನಿಂದ ಹಾಡಬೇಕು. ರಂಗಭೂಮಿಯಲ್ಲಿ ಒಂದೇ ಪದದಿಂದ ಸಭೆಯನ್ನು ಹಿಡಿದಿಡಲು ಕಲಿತಿದ್ದ ಮನ್ಸೂರರಿಗೆ ಈ ಇಕ್ಕಟ್ಟು ಇಕ್ಕಟ್ಟೆನಿಸಲಿಲ್ಲ. ಮುದ್ರಿಕೆಗಳು ಜನಪ್ರಿಯವಾದುವು, ಧಾರವಾಡದ ತರುಣನ ಹೆಸರು ಅವನನ್ನು ಎಂದೂ ಕಾಣದವರ ಮನೆಗಳಲ್ಲಿಯೂ ಕೇಳಿಬಂದಿತು. ಮುಂದೆ ಅದೇ ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿಯೂ ಅವರು ಕೆಲಸ ಮಾಡಿದರು.

ಇಪ್ಪತ್ತೈದು ವಯಸ್ಸು; ಒಳ್ಳೆಯ ಗುರುವಿನ ಪಾಠ; ಮಾರಾಟವಾಗುವ ಕಂಠ. ಇಷ್ಟಾದ ಮೇಲೆ ಲೋಕದ ರೀತಿಯಂತೆ ಗಾಯಕನೊಬ್ಬನು ಮಾಡುವುದೇನು? ಜನ ಮೆಚ್ಚಿದ್ದನ್ನೇ ಮತ್ತೆ ಮತ್ತೆ ಹಾಡುವನು. ತಟ್ಟೆಯ ಮೇಲೆ ತಟ್ಟೆ ಹೊರಡುವುದು. ಹತ್ತು ವರ್ಷಗಳಲ್ಲಿ ತನ್ನದೇ ಪ್ರತಿಧ್ವನಿಯಾಗುವನು. ಮನ್ಸೂರರು ಹಾಗೆ ಮಾಡಲಿಲ್ಲ. ಅವರ ಜೀವನದಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಚಿಸಿ ನೋಡಬೇಕಾದ ಘಟ್ಟ ಇದೇ.

ಮುಂಬಯಿಯಲ್ಲಿ ಆಗ ಅಲ್ಲಾದಿಯಾ ಖಾನರ ಗಾಯನವೆಂದರೆ ಬಲ್ಲವರು ಕಿವಿಮುಟ್ಟಿ ನಮಸ್ಕರಿಸುತ್ತಿದ್ದರು. ಖಾನರು ಕೊಲ್ಲಾಪುರದ ಶಾಹೂ ಮಹಾರಾಜರ ಆಸ್ಥಾನದಲ್ಲಿದ್ದು, 1922ರಲ್ಲಿ ಮಹಾರಾಜರು ತೀರಿಕೊಂಡ ಬಳಿಕ ಮುಂಬಯಿಗೆ ಬಂದವರು. ಯೌವನದಲ್ಲಿ ಅತಿಯಾಗಿ ಹಾಡಿ ಅವರ ಕಂಠವೇ ಕೆಟ್ಟುಹೋಗಿತ್ತು. ಮರಳಿ ಬಂದ ಕಂಠವು ಮೊದಲಿನದಾಗಿರಲಿಲ್ಲ. ಆ ಕಂಠಕ್ಕೆ ಒಪ್ಪುವಂತೆ ಅವರು ಹೊಸದೊಂದು ಗಾಯನಕ್ರಮವನ್ನೇ ಕಟ್ಟಿದರು. ಜಯಪುರ-ಅತ್ರೌಲಿ ಘರಾಣೆಯೆಂದು ಹೆಸರಾದುದು ಅದೇ. ಇಲ್ಲಿ ತಾನವು ನೇರವಾಗಿ ಹರಿಯದು. ಬಳ್ಳಿಯಂತೆ ಸುತ್ತಿ ಸುತ್ತಿ ಏರುವುದು. ಪ್ರತಿಯೊಂದು ಮಾತ್ರೆಯ ಒಳಗೂ ಸ್ವರವು ಲಯದೊಡನೆ ಹೆಣೆದುಕೊಂಡಿರಬೇಕು. ಎರಡು ರಾಗಗಳನ್ನು ಹೊಲಿಗೆ ಕಾಣದಂತೆ ಕೂಡಿಸಿದ ಜೋಡರಾಗಗಳು, ಇತರರು ಹೆಸರು ಮಾತ್ರ ಕೇಳಿದ್ದ ಅಪರೂಪದ ರಾಗಗಳು ಈ ಮನೆತನದ ಸೊತ್ತು. ಕೇಸರಬಾಯಿ ಕೇರ್ಕರ್, ಮೋಗುಬಾಯಿ ಕುರ್ಡೀಕರ್ ಇವರಿಬ್ಬರೂ ಇದೇ ಖಾನರ ಶಿಷ್ಯೆಯರು. ಕೇಸರಬಾಯಿಯವರ ಭೈರವಿಯ ಮುದ್ರಿಕೆಯೊಂದು 1977ರಲ್ಲಿ ವಾಯೇಜರ್ ನೌಕೆಯಲ್ಲಿ ಭೂಮಿಯನ್ನೇ ಬಿಟ್ಟು ಹೊರಟಿತೆಂಬುದು ಬೇರೆ ಮಾತು.

ಅಲ್ಲಾದಿಯಾ ಖಾನರು ಮನ್ಸೂರರನ್ನು ತಮ್ಮ ಮಗ ಮಂಜೀ ಖಾನರಿಗೆ ಒಪ್ಪಿಸಿದರು. ಹೀಗೆ ಹೆಸರುಳ್ಳ ಗಾಯಕನು ಮತ್ತೆ ಹುಡುಗನಂತೆ ಷಡ್ಜ ಹಚ್ಚಲು ಕುಳಿತನು. ಕಲಿತದ್ದರ ಮೇಲೆ ಕಲಿಯುವುದು ಸುಲಭವಲ್ಲ. ಬರೆದ ಹಲಗೆಯನ್ನು ಒರೆಸಬೇಕಾಗುವುದು. ಜನ ಚಪ್ಪಾಳೆ ತಟ್ಟುತ್ತಿದ್ದ ಹಳೆಯ ತಾನವು ನಾಲಗೆಯ ತುದಿಗೆ ಬಂದಾಗ ಅದನ್ನು ತಡೆಯಬೇಕಾಗುವುದು. ಹಣೆಯಲ್ಲಿ ವಿಭೂತಿ ಧರಿಸಿದ ಶಿಷ್ಯ, ಮುಸಲ್ಮಾನ ಗುರು. ಇಬ್ಬರ ನಡುವೆ ಇದ್ದುದು ನಾದದ ಸಂಬಂಧ. ಜಾತಿ ಕೇಳುವ ಗೊಡವೆ ಇಬ್ಬರಿಗೂ ಇರಲಿಲ್ಲ. ಆದರೆ ವಿದ್ಯೆ ಕೈಗೆ ಹತ್ತುವಷ್ಟರಲ್ಲಿ ಆಘಾತ ಬಂದಿತು. ಸುಮಾರು ಒಂದೂವರೆ ವರ್ಷದ ಪಾಠವಾಗಿತ್ತಷ್ಟೆ. 1937ರಲ್ಲಿ ಮಂಜೀ ಖಾನರು ಅಕಾಲದಲ್ಲಿ ತೀರಿಕೊಂಡರು.

ಹಳೆಯ ದಾರಿಯನ್ನು ಬಿಟ್ಟಾಗಿತ್ತು, ಹೊಸ ದಾರಿಯಲ್ಲಿ ಅರ್ಧಕ್ಕೂ ಬಂದಿರಲಿಲ್ಲ. ಹಿಂತಿರುಗಿದ್ದರೆ ಯಾರೂ ದೂಷಿಸುತ್ತಿರಲಿಲ್ಲ. ಮನ್ಸೂರರು ಮಂಜೀ ಖಾನರ ತಮ್ಮ ಭುರ್ಜೀ ಖಾನರನ್ನು ಆಶ್ರಯಿಸಿದರು. ಅಣ್ಣನು ತೆರೆದ ಬಾಗಿಲಿನಿಂದ ತಮ್ಮನು ಅವರನ್ನು ಒಳಮನೆಗೆ ಕರೆದೊಯ್ದನೆನ್ನಬಹುದು. ಶುದ್ಧ ನಟ, ಯಮನಿ ಬಿಲಾವಲ, ಲಚ್ಛಾಸಾಖ, ಖಟ, ಶಿವಮತ ಭೈರವ, ಬಹಾದ್ದೂರಿ ತೋಡಿ ಇಂಥ ರಾಗಗಳು ಅವರ ಕಂಠದಲ್ಲಿ ಮನೆಯ ಮಕ್ಕಳಂತೆ ಸಲುಗೆಯಿಂದ ಓಡಾಡತೊಡಗಿದುವು. 1950ರಲ್ಲಿ ಭುರ್ಜೀ ಖಾನರೂ ಕಾಲವಾದರು. ಅಷ್ಟರಲ್ಲಿ ಶಿಷ್ಯನಿಗೆ ನಾಲ್ವತ್ತು ವರ್ಷ ಸಮೀಪಿಸಿತ್ತು.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಅಪರೂಪದ ರಾಗವನ್ನು ಮಧ್ಯಲಯದಲ್ಲಿ ಹಿಡಿದು, ಒಂದು ಕ್ಷಣವೂ ಸಡಿಲಬಿಡದೆ ನೇಯುವ ಈ ಗಾಯನವು ಮೊದಲ ಸಲ ಕೇಳಿದವನಿಗೆ ಕಠಿನವೆನಿಸುವುದು. ಸರಗಮ್ಮಿನ ಚಮತ್ಕಾರವಿಲ್ಲ, ಕಂಠವನ್ನು ಅಲುಗಿಸಿ ಕೇಳುವವರನ್ನು ಓಲೈಸುವ ಬೆಡಗಿಲ್ಲ. ಎಂತಲೇ ಬಹುಕಾಲ ಅವರ ಕೀರ್ತಿ ಬಲ್ಲವರ ವಲಯದಲ್ಲಿಯೇ ಉಳಿಯಿತು. ಮನೆಯಲ್ಲಿ ಪತ್ನಿ ಗಂಗಮ್ಮನವರು, ಏಳು ಹೆಣ್ಣುಮಕ್ಕಳು, ಒಬ್ಬ ಮಗ. ಸಂಸಾರದ ಭಾರ ಹಗುರವಾಗಿರಲಿಲ್ಲ. ಧಾರವಾಡದ ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರಾಗಿ, ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ಗುರುವಾಗಿ ದುಡಿದರು. ಹೀಗಿದ್ದೂ ಹಾಡನ್ನು ತಿಳಿಯಾಗಿಸಿ ಮಾರುವ ಯೋಚನೆ ಅವರ ಬಳಿ ಸುಳಿಯಲಿಲ್ಲ. ಜನರೇ ಅವರ ಬಳಿಗೆ ಬರಬೇಕಾಯಿತು. ಬಂದರು, ಆದರೆ ತಡವಾಗಿ. 1970ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಅರುವತ್ತರ ಹತ್ತಿರ ಹತ್ತಿರ. 1976ರಲ್ಲಿ ಪದ್ಮಭೂಷಣ, 1982ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಷಿಪ್, 1992ರಲ್ಲಿ ಪದ್ಮವಿಭೂಷಣ. ಬಹುತೇಕ ಗಾಯಕರು ತಂಬೂರಿಯನ್ನು ಗೋಡೆಗೆ ಆನಿಸಿಡುವ ವಯಸ್ಸಿನಲ್ಲಿ ಇವರಿಗೆ ದೇಶದ ಎಲ್ಲ ಕಡೆಯಿಂದಲೂ ಕರೆ ಬರತೊಡಗಿತು.

ಆ ಹೊತ್ತಿಗೆ ಮುದ್ರಣದ ವಿದ್ಯೆಯೂ ಬೆಳೆದಿತ್ತು. ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಹಾಡು ಹಿಡಿಯುವ ದೀರ್ಘ ತಟ್ಟೆಗಳು ಬಂದಿದ್ದುವು. ಬಳಿಕ ಕ್ಯಾಸೆಟ್ಟುಗಳು ಬಂದುವು. ತರುಣ ವಯಸ್ಸಿನಲ್ಲಿ ಮೂರು ನಿಮಿಷದೊಳಗೆ ರಾಗವನ್ನು ಅಡಕಮಾಡಿದ್ದ ಗಾಯಕನಿಗೆ ವೃದ್ಧಾಪ್ಯದಲ್ಲಿ ಕೈಕಾಲು ಚಾಚಲು ಎಡೆ ದೊರೆಯಿತು. ಎಡೆ ದೊರೆತಾಗ ಅನೇಕರು ಹರಟೆಗೆ ಇಳಿಯುವುದುಂಟು. ಹೇಳಿದ್ದನ್ನೇ ಹೇಳಿ ಹೊತ್ತು ತುಂಬಿಸುವುದುಂಟು. ಮನ್ಸೂರರ ದೀರ್ಘ ಮುದ್ರಿಕೆಗಳಲ್ಲಿ ಹೊತ್ತು ಕಳೆಯಲೆಂದು ಹಾಡಿದ ಒಂದು ಆವರ್ತನವೂ ಸಿಕ್ಕದು. ಬಂದಿಶಿನ ಮೊದಲ ಪದವನ್ನು ಹಿಡಿದೊಡನೆಯೇ ರಾಗವು ಸಂಪೂರ್ಣವಾಗಿ ಎದುರು ನಿಲ್ಲುವುದು. ಒಂದು ಉಸಿರಿನ ಕೊನೆಯಲ್ಲಿ ಇನ್ನೇನು ನಿಲ್ಲುವರೆಂದು ಕೇಳುವವನು ಭಾವಿಸುವಾಗ ಅದೇ ಉಸಿರಿನಲ್ಲಿ ಮತ್ತೊಂದು ಮಡಿಕೆ ಬಿಚ್ಚುವುದು. ಸಮವು ಎಲ್ಲಿಂದಲೋ ಬಂದು ತಾನಾಗಿ ಕೂಡಿಕೊಳ್ಳುವುದು. ಕಂಠದ ಮಾಧುರ್ಯ ಮುಪ್ಪಿನಲ್ಲಿ ಸ್ವಲ್ಪ ಒಣಗಿತ್ತೆಂಬುದು ನಿಜ. ಬೀಡಿಯ ಚಟವನ್ನು ಅವರು ಬಿಟ್ಟವರಲ್ಲ. ಉಸಿರೇ ಬಂಡವಾಳವಾದವರಿಗೆ ಅದು ಸಲ್ಲದ ಚಟವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಹೀಗಿದ್ದೂ ಎಪ್ಪತ್ತೈದರ ಮೇಲೆ ಹಾಡಿದ ಹಾಡಿನಲ್ಲಿ ಲಯವಾಗಲಿ ರಾಗಶುದ್ಧಿಯಾಗಲಿ ಎಳ್ಳಷ್ಟೂ ಕುಂದಿಲ್ಲ.

ಅವರ ಇನ್ನೊಂದು ಕಾಣಿಕೆ ವಚನಗಾಯನ. ವಚನಗಳಿಗೆ ಪ್ರಾಸದ ಕಟ್ಟಿಲ್ಲ, ನಿಯತವಾದ ಮಾತ್ರೆಗಳಿಲ್ಲ. ಒಂದು ಸಾಲು ಗಿಡ್ಡ, ಮತ್ತೊಂದು ಉದ್ದ. ತಾಳಕ್ಕೆ ಕೂಡಿಸಹೋದರೆ ಅರ್ಥ ಮುರಿಯುವುದು, ಅರ್ಥವನ್ನು ಹಿಡಿದರೆ ತಾಳ ತಪ್ಪುವುದು. ಫ. ಗು. ಹಳಕಟ್ಟಿಯವರು ತಾಳೆಗರಿಗಳಿಂದ ವಚನಗಳನ್ನು ಎತ್ತಿ 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚುಹಾಕಿಸಿ ಓದುವವರ ಕೈಗಿತ್ತರು. ಆ ಮಾತುಗಳನ್ನು ಓದಬಾರದವರ ಕಿವಿಗೂ ಮುಟ್ಟಿಸಿದ ಗಾಯಕರಲ್ಲಿ ಮನ್ಸೂರರು ಅಗ್ರಗಣ್ಯರು. ಅಕ್ಕಮಹಾದೇವಿಯ ವಚನಗಳನ್ನು ಅವರು ಹಾಡಿದ ಬಗೆಯನ್ನು ಕೇಳಿದವರು ಬಲ್ಲರು. ಖ್ಯಾಲಿನಲ್ಲಿ ಮೆರೆದ ತಾನವೈಭವವೆಲ್ಲ ಅಲ್ಲಿ ಹಿಂದೆ ಸರಿದು ನಿಲ್ಲುವುದು. ಒಂದು ಸಂಬೋಧನೆಯ ಮಾತನ್ನು ಎರಡು ಮೂರು ಬಗೆಯಾಗಿ ಕರೆದು, ಪ್ರತಿ ಸಲವೂ ಅದರಲ್ಲಿ ಬೇರೊಂದು ಆರ್ತತೆಯನ್ನು ತೋರುವರು. ಕನ್ನಡ ಬಾರದ ಕೇಳುಗರ ಮುಂದೆಯೂ ಅವರು ವಚನವನ್ನು ಹಾಡಲು ಹಿಂಜರಿಯಲಿಲ್ಲ. ದೊಡ್ಡ ಖ್ಯಾಲಿಗೆ ಒಂದು ನಿಷ್ಠೆ, ಚಿಕ್ಕ ವಚನಕ್ಕೆ ಇನ್ನೊಂದು ನಿಷ್ಠೆ ಎಂಬ ಭೇದ ಅವರಲ್ಲಿರಲಿಲ್ಲ.

ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳಲ್ಲಿ ಅವರ ಭಕ್ತಿ ಅಪಾರವಾದುದು. ತಾವು ಬಾಳಿದ ಮನೆಗೆ ಮೃತ್ಯುಂಜಯವೆಂದೇ ಹೆಸರು. ಬೆಳಗಿನ ಲಿಂಗಪೂಜೆ, ಸರಳವಾದ ಧೋತರ, ನಿಲುವಂಗಿ, ತಲೆಯ ಮೇಲೊಂದು ಟೊಪ್ಪಿಗೆ. ಪದ್ಮಪ್ರಶಸ್ತಿ ಬಂದ ಮೇಲೆಯೂ ಈ ಕ್ರಮದಲ್ಲಿ ಬದಲಾವಣೆಯಾಗಲಿಲ್ಲ. ತಮ್ಮ ಬಾಳನ್ನು ತಾವೇ ‘ನನ್ನ ರಸಯಾತ್ರೆ’ ಎಂಬ ಗ್ರಂಥದಲ್ಲಿ ನಿರೂಪಿಸಿದ್ದಾರೆ. ಅದರಲ್ಲಿ ತಮ್ಮ ಹಿರಿಮೆಗಿಂತ ಗುರುಗಳ ಹಿರಿಮೆಗೇ ಹೆಚ್ಚು ಪುಟಗಳು ಸಂದಿವೆ. ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದ ಮಗ ರಾಜಶೇಖರರು ಅದನ್ನು ಇಂಗ್ಲಿಷಿಗೆ ತಂದರು. ತಂದೆಯ ವಿದ್ಯೆಯನ್ನು ಕಂಠದಲ್ಲಿಯೂ ಉಳಿಸಿಕೊಂಡು 2022ರಲ್ಲಿ ಅವರೂ ಕಾಲವಾದರು. ಮಗಳು ನೀಲಾ ಅವರೂ ಗಾಯಕಿಯಾದರು.

1992 ಹಿಂದೂಸ್ಥಾನಿ ಸಂಗೀತಕ್ಕೆ ಕೆಟ್ಟ ವರ್ಷ. ಜನವರಿಯಲ್ಲಿ ಬೆಳಗಾವಿ ಸೀಮೆಯ ಕುಮಾರ ಗಂಧರ್ವರು ದೂರದ ದೇವಾಸದಲ್ಲಿ ತೀರಿಕೊಂಡರು. ಸೆಪ್ಟೆಂಬರ್ 12ರಂದು, ಎಂಬತ್ತೊಂದು ದಾಟಿದ್ದ ಮನ್ಸೂರರು ಲಿಂಗೈಕ್ಯರಾದರು. ಮೃತ್ಯುಂಜಯವು ಇಂದು ಸ್ಮಾರಕಭವನವಾಗಿ ನಿಂತಿದೆ. ಅರಗಿನ ತಟ್ಟೆಯ ಮೂರು ನಿಮಿಷದ ಹಾಡುಗಳು ಹೊಸ ಯಂತ್ರಗಳಿಗೆ ಏರಿವೆ. ಸೂಜಿಯ ಗರಗರ ಸದ್ದಿನ ಹಿಂದಿನಿಂದ ಇಪ್ಪತ್ತೈದರ ತರುಣನ ಕಂಠ ಕೇಳಿಬರುತ್ತದೆ. ಅದು ಮುಗಿದೊಡನೆ ಎಪ್ಪತ್ತೈದರ ವೃದ್ಧನ ಶುದ್ಧ ನಟವನ್ನು ಹಚ್ಚಿ ಕೇಳುವ ರಸಿಕರು ಧಾರವಾಡದಲ್ಲಿ ಈಗಲೂ ಉಂಟು.